ಗಟ್ಟಿ ಫೋನು, ಕಿವಿಯ ಯಂತ್ರ ಮತ್ತು ತೋಟದ ಸಿಗ್ನಲ್

ಕೆಲವು ವರ್ಷಗಳಿಂದೀಚೆಗೆ ನಮ್ಮ ತೋಟಗಳಲ್ಲಿ ಕತ್ತಿ, ದೋಟಿ, ಪಂಪುಗಳ ಸಾಲಿಗೆ ಇನ್ನೊಂದು ಉಪಕರಣ ಬಂದು ಸೇರಿದೆ. ಸುತ್ತ ದಪ್ಪ ರಬ್ಬರಿನ ಅಂಚು, ಬೆನ್ನಿಗೆ ತಿರುಪುಮೊಳೆ, ಕೈಗೆ ಎತ್ತಿದರೆ ಒಳ್ಳೆಯ ತೂಕ. ನೀರಿಗೆ ಬಿದ್ದರೂ ಕೆಡುವುದಿಲ್ಲ, ಕಲ್ಲಿನ ಮೇಲೆ ಬಿದ್ದರೂ ಒಡೆಯುವುದಿಲ್ಲ ಎಂದು ಹೇಳಿ ಮಾರುವ ಗಟ್ಟಿ ಸ್ಮಾರ್ಟ್‌ಫೋನುಗಳೇ ಅವು. ಸಾಧಾರಣ ಫೋನು ಒಂದು ಮಳೆಗಾಲ ದಾಟಿಸುವುದೇ ಕಷ್ಟವಾದ ನಮ್ಮ ಊರುಗಳಿಗೆ ಇದು ತಕ್ಕ ವಸ್ತುವೇ ಸರಿ.

ಕೊಳ್ಳುವವರು ಸಾಮಾನ್ಯವಾಗಿ ಎರಡು ಸಂಶಯ ಎತ್ತುತ್ತಾರೆ. ಇಷ್ಟು ದೊಡ್ಡ ಫೋನಿನಿಂದ ವಿಕಿರಣವೂ ಹೆಚ್ಚಲ್ಲವೆ ಎಂಬುದು ಒಂದು. ಮನೆಯ ಹಿರಿಯರು ಕಿವಿಗೆ ಯಂತ್ರ ಹಾಕುತ್ತಾರೆ, ಫೋನು ಹತ್ತಿರ ತಂದರೆ ಮಾತಿನ ಬದಲು ಗುಂಯ್ ಎನ್ನುತ್ತದೆ, ಇದಕ್ಕೆ ಏನು ಮಾಡುವುದು ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳು. ಆದರೆ ಎರಡಕ್ಕೂ ಉತ್ತರ ಹುಡುಕುತ್ತ ಹೋದರೆ ತಲಪುವುದು ಒಂದೇ ಕಡೆಗೆ: ತಾವು ಎಲ್ಲಿ ನಿಂತು ಮಾತಾಡುತ್ತೀರಿ, ಅಲ್ಲಿ ಸಿಗ್ನಲ್ ಎಷ್ಟಿದೆ ಎಂಬಲ್ಲಿಗೆ. ಫೋನು ಯಾವುದು ಎಂಬುದು ಆಮೇಲಿನ ಮಾತು.

ಎಷ್ಟು ಗಟ್ಟಿ?

ಮೊದಲು ಈ ಗಟ್ಟಿತನದ ಲೆಕ್ಕ ಮುಗಿಸಿಬಿಡೋಣ. ಡಬ್ಬದ ಮೇಲೆ ‘ಐಪಿ 68’ ಎಂದು ಬರೆದಿರುತ್ತದೆ. ಇದರಲ್ಲಿ 6 ಎಂದರೆ ಧೂಳು ಒಳಹೋಗದು ಎಂದರ್ಥ. 8 ಎಂದರೆ ಒಂದು ಮೀಟರಿಗಿಂತ ಆಳದ ನೀರಿನಲ್ಲಿ, ಕಂಪನಿ ಹೇಳಿದಷ್ಟು ಹೊತ್ತು ಮುಳುಗಿಸಿಟ್ಟರೂ ತಾಳುತ್ತದೆ ಎಂದು. ಆ ಪರೀಕ್ಷೆ ನಡೆಯುವುದು ನಿಂತ ಶುದ್ಧ ನೀರಿನಲ್ಲಿ. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣದಲ್ಲಿ ಅಲ್ಲ. ಮೈಲುತುತ್ತಿನ ನೀರು ಕಬ್ಬಿಣದ ಪಾತ್ರೆಯನ್ನು ಏನು ಮಾಡುತ್ತದೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೋನಿನ ಚಾರ್ಜಿಂಗ್ ತೂತಿನಲ್ಲಿರುವ ತೆಳ್ಳನೆಯ ಲೋಹದ ಹಲ್ಲುಗಳೂ ಅದಕ್ಕೆ ಹೊರತಲ್ಲ. ಮದ್ದು ಬಿಡುವ ದಿನ ಫೋನಿಗೆ ಹನಿ ಸಿಡಿದರೆ ಸಂಜೆ ಒಳ್ಳೆಯ ನೀರಿನಿಂದ ಒರೆಸಿ, ತೂತಿನ ಮುಚ್ಚಳ ತೆಗೆದು ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಆ ರಬ್ಬರಿನ ಮುಚ್ಚಳ ಸಡಿಲವಾಯಿತೆಂದರೆ 68 ಎಂಬ ಅಂಕೆಗೂ ಬೆಲೆಯಿಲ್ಲ.

ಇನ್ನು ‘ಮಿಲಿಟರಿ ಗ್ರೇಡ್’ ಎಂಬ ಮಾತು. ಅಮೆರಿಕದ ಸೈನ್ಯದ 810 ಎಂಬ ಪರೀಕ್ಷಾ ಕ್ರಮಗಳ ಪುಸ್ತಕ ಇದಕ್ಕೆ ಆಧಾರ. ಅದರಲ್ಲಿ ಬೀಳಿಸುವ ಪರೀಕ್ಷೆಯೆಂದರೆ ಸುಮಾರು ನಾಲ್ಕು ಅಡಿ ಎತ್ತರದಿಂದ, ಕಾಂಕ್ರೀಟಿನ ಮೇಲೆ ಹಾಸಿದ ಎರಡಂಗುಲದ ಪ್ಲೈವುಡ್ ಹಲಗೆಯ ಮೇಲೆ 26 ಬಾರಿ ಬೀಳಿಸುವುದು. ಆ 26 ಏಟನ್ನು ಒಂದೇ ಫೋನು ತಿನ್ನಬೇಕೆಂದೂ ಇಲ್ಲ, ಐದು ಫೋನುಗಳಿಗೆ ಹಂಚಬಹುದು. ಯಾವ ಪರೀಕ್ಷೆ ಮಾಡಬೇಕೆಂದು ಆರಿಸಿಕೊಳ್ಳುವವನೂ ತಯಾರಕನೇ. ಸೊಂಟದೆತ್ತರದಿಂದ ಬಿದ್ದರೆ ಬದುಕುತ್ತದೆ ಎನ್ನಲು ಇದು ಸಾಕು. ಅಡಿಕೆ ಮರದ ತುದಿಯಿಂದ ಬಿದ್ದರೆ ಬದುಕುತ್ತದೆ ಎನ್ನಲು ಸಾಲದು.

ಮುಖ್ಯವಾಗಿ, ಈ ಯಾವ ಪರೀಕ್ಷೆಯೂ ವಿಕಿರಣಕ್ಕಾಗಲಿ ಕಿವಿಯ ಯಂತ್ರಕ್ಕಾಗಲಿ ಸಂಬಂಧಪಟ್ಟದ್ದಲ್ಲ. ಗಟ್ಟಿಯಾದದ್ದು ಚಿಪ್ಪು ಮಾತ್ರ. ಒಳಗಿರುವ ರೇಡಿಯೋ ಬೇರೆ ಫೋನುಗಳಲ್ಲಿ ಇರುವಂಥದೇ. ಗಾತ್ರ ದೊಡ್ಡದೆಂದು ವಿಕಿರಣ ಹೆಚ್ಚಾಗುವುದಿಲ್ಲ.

ಸಿಗ್ನಲ್ ಕಡಿಮೆಯಾದಷ್ಟೂ ಫೋನಿಗೆ ದುಡಿಮೆ

ಫೋನು ಒಂದು ಸಣ್ಣ ರೇಡಿಯೋ ಪ್ರಸಾರ ಕೇಂದ್ರ. ಗೋಪುರ ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿದ್ದರೆ ಅದು ಪಿಸುಮಾತಿನಲ್ಲಿ ಮಾತಾಡುತ್ತದೆ. ಗುಡ್ಡದ ಮರೆಯಲ್ಲಿ, ಕಣಿವೆಯ ತಳದಲ್ಲಿ ನಿಂತರೆ ಕೂಗಿ ಹೇಳುತ್ತದೆ. ಹಳೆಯ 2ಜಿ ಜಾಲದಲ್ಲಿ 900 ಮೆಗಾಹರ್ಟ್ಸ್ ತರಂಗದಲ್ಲಿ ಫೋನಿನ ಗರಿಷ್ಠ ಕೂಗು 2 ವಾಟ್. ಗೋಪುರ ಪಕ್ಕದಲ್ಲೇ ಇದ್ದರೆ ಅದೇ ಫೋನು ಸಾವಿರದಲ್ಲಿ ಕೆಲವೇ ಭಾಗ ವಾಟ್‌ಗೆ ಇಳಿಯುತ್ತದೆ. ಅಂದರೆ ಒಂದೇ ಫೋನು, ಒಂದೇ ಕೈ, ನಿಂತ ಜಾಗ ಬದಲಾದದ್ದಕ್ಕೆ ನೂರಾರು ಪಟ್ಟು ವ್ಯತ್ಯಾಸ. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವಾಟ್. 2ಜಿ ಫೋನು ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಪ್ರಸಾರ ಮಾಡುವುದರಿಂದ ಅದರ ಸರಾಸರಿ ಕಾಲು ವಾಟ್ ಆಗುತ್ತದೆ. ಹೀಗಾಗಿ ಸರಾಸರಿಯಲ್ಲಿ ಎರಡಕ್ಕೂ ಅಂಥ ದೂರವಿಲ್ಲ. ಆದರೆ 2ಜಿಯ ಆ ಬಿಟ್ಟು ಬಿಟ್ಟು ಕೂಗುವ ಸ್ವಭಾವವೇ ಕಿವಿಯ ಯಂತ್ರಕ್ಕೆ ಶತ್ರು. ಅದನ್ನು ಮುಂದೆ ಹೇಳುತ್ತೇನೆ.

ತೋಟದಲ್ಲಿದ್ದಾಗ ಬ್ಯಾಟರಿ ಬೇಗ ಇಳಿಯುತ್ತದೆ, ಪೇಟೆಗೆ ಹೋದ ದಿನ ಸಂಜೆಯವರೆಗೂ ಬರುತ್ತದೆ ಎಂಬುದು ಎಲ್ಲರ ಅನುಭವ. ಫೋನು ಕೂಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಸಿಗ್ನಲ್ ಗೆರೆಗಳನ್ನು ಪೂರಾ ನಂಬಬೇಕಾಗಿಲ್ಲ. ಹೆಚ್ಚಿನ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ, ಫೋನಿನ ಮಾಹಿತಿ, ಸಿಮ್ ಸ್ಥಿತಿ ಎಂಬಲ್ಲಿ ಡಿಬಿಎಂ ಎಂಬ ಲೆಕ್ಕ ಸಿಗುತ್ತದೆ. ಅದು ಋಣ ಸಂಖ್ಯೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 110 ದಾಟಿದರೆ ದುರ್ಬಲ. ಈ ಲೆಕ್ಕದಲ್ಲಿ ಹತ್ತು ಅಂಕೆ ಇಳಿದರೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಇಳಿಯಿತೆಂದು ಅರ್ಥ. ಒಂದು ಬಿಡುವಿನ ದಿನ ಮನೆಯ ಜಗಲಿ, ಅಂಗಳ, ಕಣ, ಪಂಪ್ ಶೆಡ್, ತೋಟದ ಮೇಲುದಂಡೆ ಎಲ್ಲ ಕಡೆ ನಿಂತು ಈ ಅಂಕೆ ಬರೆದಿಟ್ಟುಕೊಳ್ಳಿ. ತಗಡಿನ ಚಾವಣಿಯ ಕೆಳಗೆ, ಜೀಪಿನ ಒಳಗೆ, ಮಳೆಗೆ ತೊಯ್ದ ದಟ್ಟ ಸೊಪ್ಪಿನ ನಡುವೆ ಅದು ಹೇಗೆ ಕುಸಿಯುತ್ತದೆಂದು ನೋಡಿದರೆ ಆಶ್ಚರ್ಯವಾದೀತು. ನಮ್ಮ ಹಲವು ತೋಟಗಳಲ್ಲಿ ಆಳುಗಳು ‘ರೇಂಜ್ ಸಿಗುವ ಕಲ್ಲು’ ಎಂದು ಒಂದು ಜಾಗ ಗುರುತು ಮಾಡಿಟ್ಟಿರುತ್ತಾರಲ್ಲ, ಅದು ಬರೀ ಅನುಕೂಲದ ಜಾಗವಲ್ಲ. ಆರೋಗ್ಯದ ದೃಷ್ಟಿಯಿಂದಲೂ ಉದ್ದದ ಮಾತುಗಳಿಗೆ ಅದೇ ಸರಿಯಾದ ಜಾಗ.

ಮನೆಗೆ ತಂತಿಯ ಇಂಟರ್ನೆಟ್ ಬಂದಿದ್ದರೆ ವೈಫೈ ಮೂಲಕ ಕರೆ ಮಾಡುವ ಸೌಲಭ್ಯವಿದೆ. 2019ರ ಕೊನೆಯಿಂದ ನಮ್ಮ ದೇಶದಲ್ಲಿ ಇದು ಬಳಕೆಗೆ ಬಂದಿದೆ. ಫೋನು ದೂರದ ಗೋಪುರಕ್ಕೆ ಕೂಗುವ ಬದಲು ಪಕ್ಕದ ಕೋಣೆಯ ಪೆಟ್ಟಿಗೆಗೆ ಹೇಳಿದರೆ ಸಾಕಾಗುತ್ತದೆ. ಕೆಲವರು ಪೇಟೆಯಿಂದ ಸಿಗ್ನಲ್ ಬೂಸ್ಟರ್ ತಂದು ಮಾಡಿಗೆ ಏರಿಸುತ್ತಾರೆ. ಅನುಮತಿಯಿಲ್ಲದೆ ಅದನ್ನು ಇಡುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ಸಿಗ್ನಲನ್ನೂ ಕೆಡಿಸುತ್ತದೆ.

ಅಂಕೆ ಮತ್ತು ಅಂಜಿಕೆ

ಫೋನಿನ ವಿಕಿರಣಕ್ಕೆ ‘ಸಾರ್’ ಎಂಬ ಅಳತೆ ಇದೆ. ಒಂದು ಕಿಲೋ ದೇಹಭಾಗ ಎಷ್ಟು ವಾಟ್ ಹೀರಿಕೊಳ್ಳುತ್ತದೆ ಎಂಬ ಲೆಕ್ಕ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವಾಟ್ ಎಂಬ ಮಿತಿ ಬಂದಿತು. ಅದಕ್ಕೆ ಮೊದಲು ಯುರೋಪಿನಂತೆ ಹತ್ತು ಗ್ರಾಂ ಸರಾಸರಿಗೆ 2 ವಾಟ್ ಇತ್ತು. ತಮ್ಮ ಫೋನಿನಲ್ಲಿ *#07# ಎಂದು ಒತ್ತಿ ನೋಡಿ, ತಲೆಯ ಬಳಿ ಎಷ್ಟು, ಮೈಯ ಬಳಿ ಎಷ್ಟು ಎಂದು ಬರುತ್ತದೆ. ಮಿತಿಗಿಂತ ಮೇಲಿದ್ದರೆ, ಅಥವಾ ಹೆಸರು ಕೇಳದ ಕಂಪನಿಯ ಫೋನಿನಲ್ಲಿ ಅಂಕೆಯೇ ಬಾರದಿದ್ದರೆ ಕೊಳ್ಳದಿರುವುದು ಲೇಸು.

ಆದರೆ 0.9 ಇರುವ ಫೋನು 1.2 ಇರುವುದಕ್ಕಿಂತ ಸೌಮ್ಯ ಎಂದು ತೀರ್ಮಾನಿಸಬೇಡಿ. ಆ ಅಳತೆ ಮಾಡುವುದು ಫೋನು ಗರಿಷ್ಠವಾಗಿ ಕೂಗುವಾಗ. ದಿನನಿತ್ಯದಲ್ಲಿ ಅದು ಎಷ್ಟು ಕೂಗುತ್ತದೆಂಬುದು, ಮೇಲೆ ಹೇಳಿದಂತೆ, ಜಾಗದ ಮೇಲೆ ಹೋಗುತ್ತದೆ. ಹಾಗಾಗಿ 1.2ರ ಫೋನು ಹಿಡಿದು ಅಂಗಳದಲ್ಲಿ ಮಾತಾಡುವವರು 0.9ರದ್ದು ಹಿಡಿದು ತಗಡಿನ ಶೆಡ್ಡಿನೊಳಗೆ ಮಾತಾಡುವವರಿಗಿಂತ ಸುಖದಲ್ಲಿದ್ದಾರು.

ಕ್ಯಾನ್ಸರ್ ಬರುತ್ತದೆಯೆ ಎಂಬ ಪ್ರಶ್ನೆಗೆ ಬರೋಣ. ಫೋನಿನ ತರಂಗ ಎಕ್ಸ್‌ರೇ ಜಾತಿಯದಲ್ಲ, ಅಣುವನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿಯೇರುವುದು, ಮಿತಿ ಇಟ್ಟಿರುವುದು ಅದಕ್ಕಾಗಿಯೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ತರಂಗಗಳನ್ನು ‘2ಬಿ’ ವರ್ಗಕ್ಕೆ, ಅಂದರೆ ಕ್ಯಾನ್ಸರಿಗೆ ಕಾರಣ ಇರಬಹುದಾದವುಗಳ ಪಟ್ಟಿಗೆ ಸೇರಿಸಿತು. ಈ ವರ್ಗಗಳ ವ್ಯವಹಾರ ನಮ್ಮ ಸದಸ್ಯರಿಗೆ ಹೊಸದಲ್ಲ. ಕಾಫಿಯೂ ಮೂತ್ರಕೋಶದ ಕ್ಯಾನ್ಸರಿನ ಶಂಕೆಯಿಂದ 1991ರಿಂದ ಇದೇ 2ಬಿಯಲ್ಲಿ ಕುಳಿತಿತ್ತು. 2016ರಲ್ಲಿ, ಆಧಾರ ಸಾಲದೆಂದು, ಮೂರನೆಯ ವರ್ಗಕ್ಕೆ ಇಳಿಸಿದರು. ಅಡಿಕೆಯನ್ನು 2004ರಲ್ಲಿ ಒಂದನೆಯ ವರ್ಗಕ್ಕೆ ಸೇರಿಸಿದ ವಿಷಯ ಎಲ್ಲರಿಗೂ ಗೊತ್ತು, ಆ ಚರ್ಚೆಗೆ ಇದು ಜಾಗವಲ್ಲ. ಇಲ್ಲಿ ತಿಳಿಯಬೇಕಾದದ್ದು ಇಷ್ಟೆ: ವರ್ಗ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆಯಲ್ಲಿ 1994ರಿಂದ 2022ರವರೆಗಿನ 63 ಅಧ್ಯಯನ ಲೇಖನಗಳನ್ನು ನೋಡಿ, ಫೋನು ಬಳಕೆಯಿಂದ ಮಿದುಳಿನ ಕ್ಯಾನ್ಸರ್ ಹೆಚ್ಚಿಲ್ಲ, ಹತ್ತು ವರ್ಷಕ್ಕೆ ಮೇಲ್ಪಟ್ಟು ಬಳಸಿದವರಲ್ಲೂ ಹೆಚ್ಚಿಲ್ಲ ಎಂದು ಕಂಡುಕೊಂಡರು.

ಹೀಗಿರಲು ಹೆದರುವ ಕಾರಣವಿಲ್ಲ. ಖರ್ಚಿಲ್ಲದೆ ಕಡಿಮೆ ಮಾಡಿಕೊಳ್ಳುವ ದಾರಿ ಇರುವಾಗ ಬಿಡುವ ಕಾರಣವೂ ಇಲ್ಲ. ಸ್ಪೀಕರ್ ಹಾಕಿ ಒಂದಡಿ ದೂರ ಇಟ್ಟರೆ ತಲೆಗೆ ತಲಪುವ ಪಾಲು ಬಹಳ ಸಣ್ಣದು. ಕರೆ ಕೂಡುವ ಮೊದಲ ಗಳಿಗೆಯಲ್ಲಿ 2ಜಿ ಫೋನು ಪೂರ್ಣ ಶಕ್ತಿಯಲ್ಲಿರುತ್ತದೆ, ಆ ಕಡೆಯವರು ಎತ್ತಿದ ಮೇಲೆ ಕಿವಿಗೆ ಹಿಡಿದರೆ ಸಾಕು. ಸಂತೆಯಲ್ಲಿ, ಮನೆ ಬಾಗಿಲಲ್ಲಿ ಮಾರುವ ‘ವಿಕಿರಣ ತಡೆ’ ಚೀಟಿಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅವು ಏನನ್ನಾದರೂ ತಡೆದರೆ ತಡೆಯುವುದು ಫೋನಿನ ಆಂಟೆನಾವನ್ನು. ಆಗ ಫೋನು ಇನ್ನೂ ಜೋರಾಗಿ ಕೂಗುತ್ತದೆ. ಊರಿಗೆ ಗೋಪುರ ಬೇಡವೆಂದು ಅರ್ಜಿ ಕೊಡುವ ಮೊದಲೂ ಈ ಲೆಕ್ಕ ನೋಡಬೇಕು. ಗೋಪುರಗಳ ಮಿತಿಯನ್ನು 2012ರಲ್ಲಿ ಸರಕಾರ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಗೋಪುರ ದೂರ ಹೋದಷ್ಟೂ ಕಿವಿಗೆ ಒತ್ತಿ ಹಿಡಿದ ಫೋನಿನ ಪಾಲೇ ಹೆಚ್ಚುತ್ತದೆ.

ಕಿವಿಯ ಯಂತ್ರ ಹಾಕಿದವರಿಗೆ

ನಮ್ಮಲ್ಲಿ ಕಿವಿ ಮಂದವಾದವರು ಕಡಿಮೆಯೇನಿಲ್ಲ. ವಯಸ್ಸು ಒಂದು ಕಾರಣ, ಯಂತ್ರಗಳ ಸದ್ದು ಇನ್ನೊಂದು. ಕಾರ್ಖಾನೆ ನಿಯಮಗಳು 90 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ, 100 ಡೆಸಿಬೆಲ್‌ನಲ್ಲಿ ಎರಡೇ ಗಂಟೆ ದುಡಿಯಬಹುದೆನ್ನುತ್ತವೆ. ಮೋಟಾರಿನ ಹುಲ್ಲು ಕತ್ತರಿಸುವ ಯಂತ್ರ ಬೆನ್ನಿಗೆ ಹಾಕಿಕೊಂಡು ದಿನವಿಡೀ ನಡೆಯುವವರಿಗೆ ಈ ಲೆಕ್ಕ ಯಾರು ಹೇಳಿದ್ದಾರೆ? ಕಿವಿಗೆ ಮುಚ್ಚಳ ಹಾಕಿಸಿ. ಇದು ಫೋನಿನ ವಿಷಯವಲ್ಲ, ಆದರೂ ಬರೆಯದೆ ಇರಲಾರೆ.

ಯಂತ್ರ ಹಾಕಿದ ಹಿರಿಯರು ಫೋನು ಬಂದಾಗ ಅದನ್ನು ಕಿತ್ತಿಟ್ಟು ಮಾತಾಡುವುದು, ಆಮೇಲೆ ‘ನನಗೆ ಫೋನೇ ಬೇಡ’ ಎಂದು ಮಕ್ಕಳ ಕೈಗೆ ಕೊಡುವುದು ಸಾಮಾನ್ಯ. ಹೀಗೆ ಅವರು ವ್ಯವಹಾರದಿಂದ, ಬಂಧುಗಳ ಮಾತಿನಿಂದ ಮೆಲ್ಲಗೆ ದೂರವಾಗುತ್ತಾರೆ. ತಪ್ಪು ಅವರದಲ್ಲ. 2ಜಿ ಫೋನು ಸೆಕೆಂಡಿಗೆ ಸುಮಾರು 217 ಬಾರಿ ಬಿಟ್ಟು ಬಿಟ್ಟು ಪ್ರಸಾರ ಮಾಡುತ್ತದೆ. ಕಿವಿಯ ಯಂತ್ರದೊಳಗಿನ ತಂತಿಗಳು ಅದನ್ನು ಹಿಡಿದು ಗುಂಯ್ ಎಂಬ ಸದ್ದು ಮಾಡುತ್ತವೆ. ಹಿಂದೆ ರೇಡಿಯೋ ಪಕ್ಕದಲ್ಲಿ ಮೊಬೈಲ್ ಇಟ್ಟಾಗ ಕರೆ ಬರುವ ಮೊದಲೇ ಕರ್ರ್ ಎನ್ನುತ್ತಿತ್ತಲ್ಲ, ಅದೇ ಇದು. 4ಜಿ ಕರೆಯಲ್ಲಿ ಈ ಕಾಟ ಬಹಳ ಕಡಿಮೆ. ಮತ್ತು ಫೋನು ಕೂಗಿದಷ್ಟೂ ಗುಂಯ್ ಜೋರು.

ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಹಿರಿಯರನ್ನು ಪೇಟೆಗೆ ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ಕರೆ ಮಾಡಿಸಿ, ಚೆನ್ನಾಗಿ ಕೇಳಿಸಿತೆಂದು ಫೋನು ತರುತ್ತಾರೆ. ಅಂಗಡಿಯ ಎದುರಿಗೇ ಗೋಪುರ, ಫೋನು ಪಿಸುಗುಡುತ್ತಿತ್ತು. ಮನೆಗೆ ಬಂದರೆ ಅದೇ ಫೋನು ಗುಂಯ್‌ಗುಡುತ್ತದೆ. ಅದಕ್ಕಾಗಿ ಸಾಧ್ಯವಾದರೆ ಅದೇ ಮಾದರಿಯ ಫೋನು ಇರುವ ನೆರೆಯವರಿಂದ ಒಂದು ಗಳಿಗೆ ಎರವಲು ತಂದು, ತಮ್ಮ ಮನೆಯ ಜಗಲಿಯಲ್ಲೇ, ತಮ್ಮ ಸಿಮ್ ಹಾಕಿ, ಯಂತ್ರ ಹಾಕಿಕೊಂಡೇ ಪರೀಕ್ಷಿಸಬೇಕು.

ಕೈಪಿಡಿಯಲ್ಲಿ ‘ಹಿಯರಿಂಗ್ ಏಡ್ ಕಂಪ್ಯಾಟಿಬಲ್’ ಎಂದಿದೆಯೇ ಎಂದೂ ನೋಡಿ. ಹಳೆಯ ಕ್ರಮದಲ್ಲಿ ಎಂ ಮತ್ತು ಟಿ ಎಂಬ ಎರಡು ಅಂಕಗಳಿರುತ್ತವೆ. ಎಂ ಎಂದರೆ ಯಂತ್ರದ ಮೈಕಿನ ಮೂಲಕ ಕೇಳುವಾಗಿನ ಹೊಂದಾಣಿಕೆ, ಟಿ ಎಂದರೆ ಟೆಲಿಕಾಯಿಲ್ ಮೂಲಕ ಕೇಳುವಾಗಿನದು. ಒಂದರಿಂದ ನಾಲ್ಕರವರೆಗೆ ಅಂಕ. ಫೋನಿಗೆ ಮೂರಾದರೂ ಇರಬೇಕು. ಕಿವಿಯ ಯಂತ್ರಕ್ಕೂ ಇದೇ ತರದ ಅಂಕವಿರುತ್ತದೆ. ಎರಡನ್ನೂ ಕೂಡಿಸಿದಾಗ ನಾಲ್ಕಾದರೆ ಹೇಗೋ ಕೇಳಬಹುದು, ಐದಾದರೆ ತೊಂದರೆಯಿಲ್ಲ, ಆರಾದರೆ ಬಹಳ ಚೆನ್ನು. 2019ರ ಹೊಸ ಕ್ರಮದ ಪ್ರಕಾರ ಪರೀಕ್ಷೆಯಾದ ಫೋನುಗಳಲ್ಲಿ ಈ ಅಂಕ ಇರುವುದಿಲ್ಲ. ಹೊಂದುತ್ತದೆ ಎಂಬ ಮಾತು ಮತ್ತು ಧ್ವನಿ ಎಷ್ಟು ಡೆಸಿಬೆಲ್ ಏರಿಸಬಹುದೆಂಬ ವಿವರ ಇರುತ್ತದೆ. ಅಮೆರಿಕದಲ್ಲಿ ಮುಂದೆ ಎಲ್ಲ ಮೊಬೈಲುಗಳೂ ಹೀಗೆ ಹೊಂದಲೇಬೇಕೆಂದು 2024ರಲ್ಲಿ ತೀರ್ಮಾನವಾಗಿದೆ. ಅಲ್ಲಿಯೂ ಮಾರುವ ಮಾದರಿಯಾದರೆ ಅದರ ಕೈಪಿಡಿಯಲ್ಲಿ ಈ ವಿವರ ಸಿಗುತ್ತದೆ.

ಟೆಲಿಕಾಯಿಲ್ ಎಂದರೆ ಕಿವಿಯ ಯಂತ್ರದೊಳಗಿನ ಒಂದು ಪುಟ್ಟ ತಂತಿ ಸುರುಳಿ. ಅದು ಗಾಳಿಯ ಸದ್ದನ್ನು ಬಿಟ್ಟು, ಫೋನಿನ ಸ್ಪೀಕರಿನ ಕಾಂತಶಕ್ತಿಯನ್ನು ನೇರ ಹಿಡಿಯುತ್ತದೆ. ಹೊರಗೆ ಪಲ್ಪರ್ ಓಡುತ್ತಿದ್ದರೂ ಮಾತು ಕೇಳುತ್ತದೆ. ಎಷ್ಟೋ ಯಂತ್ರಗಳಲ್ಲಿ ಇದು ಇದ್ದರೂ ತೆರೆದುಕೊಟ್ಟಿರುವುದಿಲ್ಲ. ಯಂತ್ರ ಕೊಟ್ಟವರಲ್ಲಿ ಕೇಳಿ ತೆರೆಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿ ಪರೀಕ್ಷೆಗೂ ಯಂತ್ರದ ಹೊಂದಾಣಿಕೆಗೂ ಹೆಸರಾದದ್ದು. ಹೋಗುವಾಗ ಫೋನನ್ನೂ ಒಯ್ಯಿರಿ.

ಇನ್ನು ಹಿಡಿಯುವ ಕ್ರಮ. ಕಿವಿಯ ಹಿಂದೆ ಕೂರುವ ಯಂತ್ರದ ಮೈಕು ಇರುವುದು ಕಿವಿಯ ಮೇಲುಭಾಗದಲ್ಲಿ. ಫೋನನ್ನು ಕಿವಿಯ ತೂತಿಗೆ ಒತ್ತಿದರೆ ಪ್ರಯೋಜನವಿಲ್ಲ, ಒಂದಂಗುಲ ಮೇಲೆ ಮೈಕಿನ ಕಡೆಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಸಿಳ್ಳೆಯೂ ನಿಲ್ಲುತ್ತದೆ. ಗಟ್ಟಿ ಫೋನಿಗೆ ಇನ್ನೊಂದು ದೋಷವಿದೆ. ನೀರು ಹೋಗದಂತೆ ಸ್ಪೀಕರಿನ ಮೇಲೆ ತೆಳು ಪೊರೆ, ಅದರ ಮೇಲೆ ಜಾಲರಿ ಇರುತ್ತದೆ. ಅದಕ್ಕೆ ನೀರು ಕೂತರೆ, ಕಾಫಿ ಹೊಟ್ಟಿನ ಧೂಳು ತುಂಬಿದರೆ ಧ್ವನಿ ಮಂಕಾಗುತ್ತದೆ. ಆಗ ಕಿವಿ ಇನ್ನೂ ಕೆಟ್ಟಿತೆಂದು ಹಿರಿಯರು ಕೊರಗುವುದುಂಟು. ಮೃದುವಾದ ಒಣ ಬ್ರಷ್ಷಿನಿಂದ ವಾರಕ್ಕೊಮ್ಮೆ ತಿಕ್ಕಿ. ಸೂಜಿ, ಪಿನ್ನು ಹಾಕಿದರೆ ಪೊರೆ ಹರಿದು ನೀರು ಒಳಹೋಗುತ್ತದೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕರೆಗಳನ್ನು 4ಜಿಯಲ್ಲೇ ಮಾಡುವಂತೆ ವೋಲ್ಟೆ ಎಂಬುದನ್ನು ತೆರೆದಿಡಿ. ‘ಹಿಯರಿಂಗ್ ಏಡ್’ ಎಂಬ ಗುಂಡಿ ಇದ್ದರೆ ಅದನ್ನೂ ಒತ್ತಿ. 2ಜಿ ಮಾತ್ರ ಸಿಗುವ ಕಡೆ ಬರೀ 4ಜಿ ಎಂದು ಕಟ್ಟಿಹಾಕಿದರೆ ಕರೆಯೇ ಬಾರದು, ಎಚ್ಚರ. ಬ್ಲೂಟೂತ್ ಇರುವ ಕಿವಿಯ ಯಂತ್ರವಾದರೆ ಫೋನು ಮೇಜಿನ ಮೇಲಿದ್ದರೂ ಮಾತು ನೇರ ಕಿವಿಗೆ ಬರುತ್ತದೆ. ಬ್ಲೂಟೂತಿನ ಶಕ್ತಿ ಫೋನಿನದಕ್ಕೆ ಹೋಲಿಸಿದರೆ ತೀರ ಅಲ್ಪ. ಬೆಲೆ ಮಾತ್ರ ಅಲ್ಪವಲ್ಲ. ಕೈಗೆಟುಕದವರಿಗೆ ಸ್ಪೀಕರ್ ಹಾಕಿ ದೂರ ಇಟ್ಟು ಮಾತಾಡುವುದೇ ಉತ್ತಮ, ಊರೆಲ್ಲ ಕೇಳುತ್ತದೆಂಬ ತೊಂದರೆ ಒಂದಿದೆ.

ಇನ್ನು ಕೆಲವು

ಎದೆಯಲ್ಲಿ ಪೇಸ್‌ಮೇಕರ್ ಇಟ್ಟವರು ಅಂಗಿಯ ಮೇಲುಜೇಬಿನಲ್ಲಿ ಫೋನು ಇಡಬಾರದು. ಆರಂಗುಲ ಅಂತರವಿರಲಿ, ಆ ಕಡೆಯ ಕಿವಿ ಬಿಟ್ಟು ಇನ್ನೊಂದು ಕಿವಿಗೆ ಹಿಡಿಯಲಿ. ಗುಡುಗು ಮಿಂಚಿನಲ್ಲಿ ಫೋನು ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜರಿನ ತಂತಿ ಸಿಕ್ಕಿಸಿಕೊಂಡು ಮಾತಾಡುವುದು ಮಾತ್ರ ಅಪಾಯ, ಸಿಡಿಲು ಬರುವುದು ಕರೆಂಟಿನ ತಂತಿಯಲ್ಲಿ. ಕಾಫಿ ಒಣಗುವ ಕಣದಲ್ಲಿ ಬಿಸಿಲಿಗೆ ಬಿಟ್ಟ ಫೋನನ್ನು ತಂದು ಕೂಡಲೇ ಚಾರ್ಜಿಗೆ ಹಾಕಬೇಡಿ, ಗಟ್ಟಿ ಚಿಪ್ಪು ಶಾಖವನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ. ಬೆನ್ನು ಉಬ್ಬಿ ಅಂಚು ಬಿರಿದಿದ್ದರೆ ಅದು ಬ್ಯಾಟರಿ ಉಬ್ಬಿದ್ದು, ಒತ್ತಿ ಕೂರಿಸಲು ಹೋಗದೆ ಬದಲಾಯಿಸಿ.

ಮರ ಹತ್ತುವವರಿಗೂ ಮದ್ದು ಬಿಡುವವರಿಗೂ 112ರ ವಿಷಯ ತಿಳಿಸಿಡಿ. ತಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಯಾವ ಕಂಪನಿಯ ಸಿಗ್ನಲ್ ಇದ್ದರೂ 112ರ ಕರೆ ಹೋಗುತ್ತದೆ. ಬೀಗ ಹಾಕಿದ ಫೋನಿನಿಂದಲೂ, ಗುಪ್ತ ಸಂಖ್ಯೆ ಗೊತ್ತಿಲ್ಲದವರೂ ಈ ಕರೆ ಮಾಡಬಹುದು. ಯಾವ ಸಿಗ್ನಲೂ ಇಲ್ಲದ ಕಡೆ ಅದೂ ಹೋಗದು. ಆದ್ದರಿಂದ ಕೊಯ್ಲಿನ ದಿನ ಆ ತುಂಡಿನಲ್ಲಿ ಎಲ್ಲಿ ನಿಂತರೆ ಕರೆ ಹೋಗುತ್ತದೆಂದು ಬೆಳಗ್ಗೆಯೇ ನೋಡಿಟ್ಟುಕೊಳ್ಳಬೇಕು. ಮತ್ತು ಫೋನು ಇರಬೇಕಾದದ್ದು ಮರದ ಮೇಲಿರುವವನ ಸೊಂಟದಲ್ಲಲ್ಲ, ಕೆಳಗೆ ನಿಂತು ಗೊನೆ ಹಿಡಿಯುವವನ ಹತ್ತಿರ.